ಅಂಗಾಲಿನ ಬಿಳಿ ಮರಳು

ಹೆಂಗಸರ ಅಂಗಾಲು ನೋಡುವುದು ನನ್ನ ಕೆಲಸ. ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಿರುವ ಪಾಸು ಕಚೇರಿಯಲ್ಲಿ, ಎಡಗಡೆಯ ಕಿಟಕಿಯ ಹಿಂದೆ, ಹದಿನಾರು ವರ್ಷದಿಂದ ಕೂತಿದ್ದೇನೆ. ಮುಂದೆ ಒಂದು ಮಣೆ, ಒಂದು ಬೋಗುಣಿ ನೀರು, ಮಡಿಸಿಟ್ಟ ಬಿಳಿ ಬಟ್ಟೆಗಳು. ಗೋಡೆಯ ಹಲಗೆಯ ಮೇಲೆ ಅರವತ್ತು ಚಿಲ್ಲರೆ ಗಾಜಿನ ಸೀಸೆಗಳು, ಒಂದೊಂದರಲ್ಲೂ ಒಂದೊಂದು ಊರಿನ ಮಣ್ಣು. ಹೊರಗೆ ಹೋಗಬೇಕೆನ್ನುವ ಹೆಂಗಸು ಬಂದು ಚಪ್ಪಲಿ ಬಿಟ್ಟು ಮಣೆಯ ಮೇಲೆ ಕಾಲಿಡುತ್ತಾಳೆ. ನಾನು ಒದ್ದೆ ಬಟ್ಟೆಯಿಂದ ಅಂಗಾಲು ಒರೆಸಿ, ಬಟ್ಟೆಗೆ ಹತ್ತಿದ್ದನ್ನು ಸೀಸೆಯ ಮಣ್ಣಿಗೆ ಹೋಲಿಸುತ್ತೇನೆ. ಅವಳು ಹೋಗಬೇಕೆಂದಿರುವ ಊರಿನ ಮಣ್ಣೇ ಆಗಿದ್ದರೆ ರಿಜಿಸ್ಟರಿನಲ್ಲಿ ‘ಹೋಗಿಬಂದಿದ್ದಾರೆ’ ಎಂದು ಬರೆಯುತ್ತೇನೆ. ಹೋಗಿಬಂದವರಿಗೆ ಪಾಸಿಲ್ಲ. ಪಾಸಿಲ್ಲದವರನ್ನು ಕಂಡಕ್ಟರು ಬಸ್ಸಿಗೆ ಹತ್ತಿಸುವುದಿಲ್ಲ.

ನಮ್ಮೂರಿನಲ್ಲಿ ಪ್ರವಾಸದ ಪುಸ್ತಕವನ್ನು ಯಾರೂ ‘ಓದಿದೆ’ ಎನ್ನುವುದಿಲ್ಲ. ಪಾಠ ಓದುತ್ತೇವೆ, ಪತ್ರ ಓದುತ್ತೇವೆ, ಪುರಾಣ ಓದುತ್ತೇವೆ. ಪ್ರವಾಸದ ಪುಸ್ತಕಕ್ಕೆ ಮಾತ್ರ ‘ಹೋಗಿಬಂದೆ’. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಮಾತು ಕೇಳಬೇಕು. “ಕೆಂಗುಡ್ಡಕ್ಕೆ ಹೋಗಿಬಂದ್ಯೇನೇ?” “ಹೂಂ ಕಣೇ, ಮೊನ್ನೆ ಮಧ್ಯಾಹ್ನ ಹೋಗಿಬಂದೆ. ಏನ್ ಚಳಿ ಅಂತೀಯಾ!” ಹಾಗೆಂದವಳು ಮನೆಯ ಹೊಸಿಲು ದಾಟಿರುವುದಿಲ್ಲ. ಕೊನೆಯ ಪುಟ ಮುಗಿಯುತ್ತಿದ್ದಂತೆ ಅಂಗಾಲು ತುರಿಸುತ್ತದೆ. ತಿರುಗಿಸಿ ನೋಡಿಕೊಂಡರೆ ಕೆಂಗುಡ್ಡದ ಕೆಮ್ಮಣ್ಣು. ಸೀಗೆಪುಡಿ, ನಿಂಬೆಹೋಳು, ಇಟ್ಟಿಗೆಚೂರು, ಯಾವುದರಿಂದ ಉಜ್ಜಿದರೂ ಸ್ವಲ್ಪ ಒರೆಸಿಕೊಂಡು ಬರುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ನಿಜವಾಗಿ ಬಸ್ಸು ಹತ್ತಿ ಹೋಗಿಬಂದವರ ಕಾಲಿನ ಮಣ್ಣು ಬಚ್ಚಲಿನ ಒಂದು ಚೊಂಬು ನೀರಿಗೆ ಹೋಗಿಬಿಡುತ್ತದೆ.

ಕಾನೂನು ಎಲ್ಲರಿಗೂ ಒಂದೇ ಎಂದು ನಮ್ಮ ಕಚೇರಿಯ ಸಾಹೇಬರು, ನಂಜುಂಡಾರಾಧ್ಯರು, ಆಗಾಗ ಹೇಳುತ್ತಾರೆ. ಬಲಗಡೆಯ ಕಿಟಕಿ ಗಂಡಸರದು. ಅಲ್ಲಿ ಮಣೆಯೂ ಇಲ್ಲ, ಬೋಗುಣಿಯೂ ಇಲ್ಲ. ಅಲ್ಲಿ ಕೂತವರು ಬಂದವರನ್ನು ‘ಬೂಟು ಬಿಚ್ಚಿ’ ಎಂದು ಯಾವತ್ತೂ ಕೇಳಿದ್ದನ್ನು ನಾನು ಕಾಣೆ. ಕೇಳುವ ಅಗತ್ಯವೂ ಇಲ್ಲ. ನಮ್ಮೂರಿನ ಗಂಡಸರು ಪ್ರವಾಸದ ಪುಸ್ತಕ ಮುಟ್ಟುವುದಿಲ್ಲ. ಮುಟ್ಟಿದವನಿಗೆ ಸೀರೆ ಉಡಿಸಿ ಕೂರಿಸುತ್ತೇವೆಂದು ಹೋಟೆಲಿನ ಬೆಂಚುಗಳಲ್ಲಿ ನಗುತ್ತಾರೆ. ಅವರ ಅಂಗಾಲು ಯಾವಾಗಲೂ ಚೊಕ್ಕಟ. ಬೇಕಾದ ಊರಿಗೆ ಬೇಕಾದಷ್ಟು ಸಲ ಹೋಗುತ್ತಾರೆ, ಬಂದು ಅಲ್ಲಿಯ ಸಾರು ಸಪ್ಪೆ ಎನ್ನುತ್ತಾರೆ.

ಹೆಂಗಸರಿಗೆ ಪುಸ್ತಕದ ಬರವಿಲ್ಲ. ಮದುವೆಯಲ್ಲಿ ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬಿನ ಜೊತೆ ಐದು ಪ್ರವಾಸದ ಪುಸ್ತಕ ಇಡುತ್ತಾರೆ. ಗಂಡನ ಮನೆಯವರು ಒಳ್ಳೆಯವರಾದರೆ ಒಂಬತ್ತು. “ನಮ್ಮ ಹುಡುಗೀಗೆ ಒಂಬತ್ತು ಊರು ಕೊಟ್ರು” ಎಂದು ತಾಯಂದಿರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸೀಮಂತಕ್ಕೆ ಪುಸ್ತಕ, ಹಬ್ಬಕ್ಕೆ ಪುಸ್ತಕ, ಜಗಳವಾಡಿ ಎರಡು ದಿನ ಮಾತು ಬಿಟ್ಟರೆ ಮೂರನೆಯ ದಿನ ರಾಜಿಗೊಂದು ಪುಸ್ತಕ. ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಪ್ರೀತಿಯಿಂದ ಒಂದೊಂದೇ ಊರನ್ನು ತಂದು ಮಡಿಲಿಗೆ ಹಾಕುತ್ತಾರೆ, ಹೋಗಲು ಯಾವ ಊರೂ ಉಳಿಯದಂತಾಗುವವರೆಗೆ. ಇದನ್ನು ಬರೆಯುವಾಗ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಹದಿನಾರು ವರ್ಷ ಕಚ್ಚಿಕೊಳ್ಳಲಿಲ್ಲ, ಅದನ್ನೂ ಬರೆಯಬೇಕು.

ನಾನು ಮದುವೆಯಾಗಲಿಲ್ಲ, ಹಾಗಾಗಿ ನನ್ನ ಮಡಿಲಿಗೆ ಪುಸ್ತಕ ಬೀಳಲಿಲ್ಲ. ಕಾಲೇಜು ಮುಗಿಸಿದ ಮೇಲೆ ನನ್ನ ಅಕ್ಷರ ಗುಂಡಗಿದೆ ಎಂದು ಈ ಕೆಲಸ ಕೊಟ್ಟರು. ಒಂದೂ ಪ್ರವಾಸದ ಪುಸ್ತಕವನ್ನು ನಾನು ಕೊನೆ ಮುಟ್ಟಿಸಿಲ್ಲ. ಭಯ. ಸೀಸೆಯ ಮುಚ್ಚಳ ತೆಗೆಯುವಾಗಲೂ ಉಸಿರು ಬಿಗಿಹಿಡಿಯುವ ಹೆಂಗಸು ನಾನು. ನನ್ನ ಅಂಗಾಲು ಕೂಸಿನ ಅಂಗಾಲಿನ ಹಾಗಿದೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಎಲ್ಲಿಗೂ ಹೋಗಿಲ್ಲ.

ತಂಗಿ ಸರ್ವಮಂಗಳೆ ಹಾಗಲ್ಲ. ಮಂಗಳಿ ಓದುವುದನ್ನು ನೀವು ನೋಡಬೇಕು. ನೆಲದ ಮೇಲೆ ಬೋರಲು ಮಲಗಿ, ಎರಡೂ ಕಾಲು ಮೇಲೆತ್ತಿ ಆಡಿಸುತ್ತಾ, ಮೂವತ್ತೇಳು ವರ್ಷದ ಹೆಂಗಸು ಹತ್ತು ವರ್ಷದವಳ ಹಾಗೆ ಓದುತ್ತಾಳೆ. ಭಾನುವಾರ ಮಧ್ಯಾಹ್ನ ನಾನು ಅವಳ ಮನೆಗೆ ಹೋದರೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. “ಅಕ್ಕಾ, ಇಲ್ಲಿ ಕೇಳು, ಈ ಊರಲ್ಲಿ ಸೇತುವೆ ದಾಟೋವಾಗ ಎದುರಿಗೆ ಬಂದೋರಿಗೆ ದಾರಿ ಬಿಡಬೇಕಾದ್ರೆ ಒಬ್ಬರನ್ನೊಬ್ಬರು ತಬ್ಬಿಕೊಂಡು ತಿರುಗಬೇಕಂತೆ, ಅಷ್ಟು ಇಕ್ಕಟ್ಟು. ಅಪರಿಚಿತರನ್ನ! ನೀನಾದ್ರೆ ಈ ಕಡೆ ದಡದಲ್ಲೇ ಮುದುಕಿಯಾಗ್ತಿದ್ದೆ.” ನಗುತ್ತೇವೆ. ಕೊನೆಯ ಪುಟ ಬಂದಾಗ ನಾನು ಎದ್ದು ಅಡುಗೆಮನೆಗೆ ಹೋಗಿ ಕಿವಿ ಮುಚ್ಚಿ ನಿಲ್ಲುತ್ತೇನೆ. ಕಣ್ಣಿಂದ ಓದಿದರೂ ಕಿವಿಯಿಂದ ಕೇಳಿದರೂ ಕಾಲಿಗೆ ಒಂದೇ. ಸ್ವಲ್ಪ ಹೊತ್ತಿಗೆ ಅವಳು ಕೂಗುತ್ತಾಳೆ, “ಬಾರೇ, ಮುಗೀತು, ತುರಿಸ್ತಾ ಇದೆ.”

ಅವಳ ಅಂಗಾಲಿನಲ್ಲಿ ನಲವತ್ತು ಊರಿನ ಮಣ್ಣಿತ್ತು. ಪದರ ಪದರವಾಗಿ, ಬೆರಳ ಸಂದಿಯಲ್ಲಿ ಒಂದು ಬಣ್ಣ, ಹಿಮ್ಮಡಿಯಲ್ಲಿ ಒಂದು ಬಣ್ಣ. ಆದರೆ ಬೆಳ್ಮರಳಿನ ಮರಳು ಇರಲಿಲ್ಲ. ಬೆಳ್ಮರಳು ಸಮುದ್ರದ ದಡದ ಪಟ್ಟಣ. ಅದರ ಪುಸ್ತಕ ಅವಳ ಮಡಿಲಿಗೆ ಬಿದ್ದ ಐದರಲ್ಲಿ ಒಂದು. ಮದುವೆಯಾದ ಹೊಸತರಲ್ಲೇ ಅದನ್ನು ಓದತೊಡಗಿ, ಕೊನೆಯ ಹಾಳೆಗೆ ಬರುತ್ತಿದ್ದಂತೆ ಸೂಜಿ ದಾರ ತಂದು ಆ ಹಾಳೆಯನ್ನು ಹಿಂದಿನ ರಟ್ಟಿಗೆ ಹೊಲಿದುಬಿಟ್ಟಿದ್ದಳು. ನಮ್ಮೂರಿನ ಬಹಳ ಹೆಂಗಸರ ಪೆಟ್ಟಿಗೆಯಲ್ಲಿ ಹೀಗೆ ಹೊಲಿದ ಒಂದು ಪುಸ್ತಕವಿರುತ್ತದೆ. ಕೇಳಿದರೆ ಹೇಳುವುದಿಲ್ಲ. “ಇದೊಂದು ಊರು ನಂಗೆ ಬೇಕು ಕಣಕ್ಕಾ” ಎಂದಿದ್ದಳು ಮಂಗಳಿ. “ಉಳಿದದ್ದೆಲ್ಲ ಹೋಗಿಬಂದಾಯ್ತು. ಸಮುದ್ರ ಮಾತ್ರ ಕಣ್ಣಲ್ಲಿ ನೋಡ್ಬೇಕು. ಕಾಲು ಒದ್ದೆ ಆಗ್ಬೇಕು.” ಹೊಲಿಗೆಯವರೆಗಿನ ಪುಟಗಳನ್ನು ಹದಿನೈದು ವರ್ಷದಲ್ಲಿ ಎಷ್ಟು ಸಲ ಓದಿದ್ದಳೋ. ಓದಿದಷ್ಟೂ ಹೋಗುವ ಆಸೆ ಬೆಳೆಯಿತು. ಈ ವರ್ಷ, ಬೇಸಿಗೆ ಕಳೆಯುತ್ತಿದ್ದಂತೆ, ಹೊರಡುತ್ತೇನೆಂದು ಮನೆಯಲ್ಲಿ ಹೇಳಿದಳು.

ಅವಳ ಗಂಡ ಷಡಕ್ಷರಿ ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೈ ಎತ್ತಿದವರಲ್ಲ, ಕುಡಿದವರಲ್ಲ. ನಾರಿನ ಹಗ್ಗದ ವ್ಯಾಪಾರ. ಹಗ್ಗ ತರಲು ಅದೇ ಬೆಳ್ಮರಳಿಗೆ ಏಳು ಸಲ ಹೋಗಿಬಂದಿದ್ದಾರೆ. ಮೊದಲ ಸಲ ಬಂದಾಗ ಮಂಗಳಿ ಬಾಗಿಲಲ್ಲೇ ಹಿಡಿದು ಕೇಳಿದ್ದಳು, “ಸಮುದ್ರ ಹೇಗಿತ್ತು ರೀ?” ಅವರು ಚೀಲ ಇಳಿಸಿ ಯೋಚಿಸಿ ಹೇಳಿದ್ದರು, “ನೀರಿತ್ತು.”

ಹೊರಡುವ ಹಿಂದಿನ ದಿನ ಭಾನುವಾರ. ಬುತ್ತಿಗೆ ರೊಟ್ಟಿ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಚಟ್ನಿಪುಡಿ ಕಟ್ಟುತ್ತಿದ್ದೆ. ಅವಳ ಎರಡೂ ಕೈ ಬಿಸಿ ಹಿಟ್ಟಿನಲ್ಲಿ ಮಣಿಕಟ್ಟಿನವರೆಗೆ ಮುಳುಗಿದ್ದವು. ಷಡಕ್ಷರಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಕೈಯಲ್ಲಿ ಪುಸ್ತಕ. ದಾರದ ತುಂಡೊಂದು ರಟ್ಟಿನಿಂದ ನೇತಾಡುತ್ತಿತ್ತು. ಪುಸ್ತಕ ಮುಟ್ಟದ ಗಂಡಸರಲ್ಲೂ ಇದೊಂದು ತಮಾಷೆ ಇದೆ, ನನಗೆ ಗೊತ್ತಿತ್ತು. ಹೊಲಿದ ಹಾಳೆ ಬಿಚ್ಚಿ ಅದೊಂದನ್ನು ಮಾತ್ರ ಹೆಂಡತಿಗೆ ಕೇಳುವ ಹಾಗೆ ಓದುವುದು, ಒಂದೇ ಹಾಳೆಗೆ ಅವರ ಕಾಲಿಗೆ ಏನೂ ಹತ್ತುವುದಿಲ್ಲ, ಆಮೇಲೆ ಹೋಟೆಲಿನಲ್ಲಿ ಹೇಳಿಕೊಂಡು ನಗುವುದು. ಗೊತ್ತಿದ್ದೂ ಆ ಕ್ಷಣ ನನಗೆ ಅರ್ಥವಾಗಲಿಲ್ಲ.

“ಸಂಜೆಯ ಕೊನೆಯ ದೋಣಿ ಹೊರಟಿತು” ಎಂದು ಅವರು ಗಟ್ಟಿಯಾಗಿ, ಶಾಲೆಯ ಹುಡುಗರ ರಾಗದಲ್ಲಿ ಶುರುಮಾಡಿದರು. ಮಂಗಳಿ “ಅಯ್ಯೋ ಬೇಡಾ ರೀ!” ಎಂದು ಕಿರುಚಿದಳು. ಕೈ ಎಳೆದುಕೊಂಡಳು, ಹಿಟ್ಟು ಅಂಟಿ ಬೇಗ ಬರಲಿಲ್ಲ. ಹಿಟ್ಟಿನ ಕೈಯನ್ನೇ ಕಿವಿಗೆ ಒತ್ತಿಕೊಂಡಳು. ನಾನು ಕಿವಿ ಮುಚ್ಚಿಕೊಂಡೆ. ಹೌದು, ನಾನು ನನ್ನ ಕಿವಿ ಮುಚ್ಚಿಕೊಂಡೆ. ಎದ್ದು ಅವರ ಬಾಯಿ ಮುಚ್ಚಲಿಲ್ಲ. ಹದಿನಾರು ವರ್ಷದ ಅಭ್ಯಾಸ ಅಷ್ಟು ಗಟ್ಟಿ. ಬೆರಳ ಸಂದಿಯಿಂದ ನನಗೆ ಅವರ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಅವರು ಪುಸ್ತಕ ಮಡಿಸಿದರು. ಮಂಗಳಿ ಕೆನ್ನೆಯ ಮೇಲೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ನಿಧಾನವಾಗಿ ಬಲಗಾಲನ್ನು ಎಡಗಾಲಿಗೆ ಉಜ್ಜಿದಳು.

“ಆಯ್ತಲ್ಲ, ನೀನೂ ಹೋಗಿಬಂದೆ” ಎಂದರು ಷಡಕ್ಷರಿ ನಗುತ್ತಾ. “ಬಸ್ಸಿನ ಕುಲುಕಾಟ ತಪ್ಪಿಸಿದೆ ನೋಡು. ರೊಟ್ಟಿ ಹಾಕು, ಹಸಿವಾಗಿದೆ.”

ಮಂಗಳಿ ಅಳಲಿಲ್ಲ. ರೊಟ್ಟಿ ತಟ್ಟಿದಳು. ತಟ್ಟುವ ಸದ್ದು ಮಾತ್ರ ಎಂದಿಗಿಂತ ಜೋರಾಗಿತ್ತು. ನನ್ನನ್ನು ಬಿಡಲು ಬಾಗಿಲವರೆಗೆ ಬಂದವಳು ಹೇಳಿದಳು, “ನಾಳೆ ಬರ್ತೀನಕ್ಕಾ, ನಿನ್ನ ಕಿಟಕಿಗೆ.”

“ಮಂಗಳೀ, ಮರಳು...”

“ಗೊತ್ತು. ಆದ್ರೂ ಬರ್ತೀನಿ. ನೀನು ಎಷ್ಟು ಚೆಂದ ಬರೀತೀಯ ನೋಡ್ಬೇಕು.”

ಆ ಮಾತು ನನ್ನನ್ನು ಕುಟುಕಿತು, ಕುಟುಕಲೆಂದೇ ಹೇಳಿದ್ದಳು. ನನಗೆ ಗಿರಿಜಾಂಬೆ ನೆನಪಾದರು. ನಾಲ್ಕು ವರ್ಷದ ಹಿಂದೆ ಬಂದಿದ್ದರು. ಅವರ ತಾಯಿ ಮಗನ ಜೊತೆ ಕೆಂಗುಡ್ಡದಲ್ಲಿದ್ದರು, ಕಾಯಿಲೆ ಬಿದ್ದಿದ್ದರು. ಅಮ್ಮ ಇರುವ ಊರು ಹೇಗಿದೆ ತಿಳಿಯಬೇಕೆಂದು ಈಕೆ ಕೆಂಗುಡ್ಡದ ಪುಸ್ತಕ ತರಿಸಿ ಓದಿದ್ದರು. ಅಂಗಾಲು ಒರೆಸಿದೆ, ಕೆಮ್ಮಣ್ಣು ಬಂತು. “ಅಮ್ಮನ ಮುಖ ನೋಡ್ಕೊಂಡು ಬಂದ್ಬಿಡ್ತೀನಿ ತಾಯಿ. ಪುಸ್ತಕದಲ್ಲಿ ಅಮ್ಮ ಇರಲಿಲ್ಲ” ಎಂದರು. ನಾನು ‘ಹೋಗಿಬಂದಿದ್ದಾರೆ’ ಎಂದು ಬರೆದೆ. ಅಕ್ಷರ ಗುಂಡಗಿತ್ತು. ಮುಂದಿನವರನ್ನು ಕರೆದೆ. ಅದಾಗಿ ಎರಡು ವಾರಕ್ಕೆ ಆಕೆಯನ್ನು ನಲ್ಲಿಯ ಬಳಿ ಕಂಡಾಗ ಹಣೆಯಲ್ಲಿ ವಿಭೂತಿ ಮಾತ್ರ ಇತ್ತು, ತಲೆಗೆ ಎಣ್ಣೆ ಇರಲಿಲ್ಲ. ತಾಯಿಯ ಸೂತಕವೆಂದು ತಿಳಿಯಿತು. ಕೇಳುವ ಧೈರ್ಯವಾಗದೆ ನಾನು ಬೇರೆ ದಾರಿಯಲ್ಲಿ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗುವಾಗ ಸೆರಗಿನೊಳಗೆ ಒಂದು ಚೊಕ್ಕಟ ಒದ್ದೆ ಬಟ್ಟೆ ಮಡಿಸಿ ಇಟ್ಟುಕೊಂಡೆ. ಮಂಗಳಿಯ ಕಾಲು ಒರೆಸಿದ ಬಟ್ಟೆಯನ್ನು ಮಣೆಯ ಕೆಳಗೆ ಸರಿಸಿ ಇದನ್ನು ತೋರಿಸುವುದು. ‘ಹೋಗಿಲ್ಲ’ ಎಂದು ಬರೆಯುವುದು.

ಹತ್ತೂವರೆಗೆ ಮಂಗಳಿ ಬಂದಳು. ಅವಳ ಹಿಂದೆ ಷಡಕ್ಷರಿ, ಮದುವೆಗೆ ಬಂದವರ ಹಾಗೆ ಇಸ್ತ್ರಿ ಅಂಗಿ ತೊಟ್ಟು. “ಬೇಡಾಂದ್ರೆ ಕೇಳ್ಲಿಲ್ಲ ಅತ್ತಿಗೆ, ನೀವೇ ಹೇಳಿ ಕಳ್ಸಿ” ಎಂದು ನಕ್ಕರು. ಅವಳ ಹಿಂದಿನ ಸಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು. ನಂಜುಂಡಾರಾಧ್ಯರು ಆ ಹೊತ್ತಿಗೇ ಚಹಾ ಲೋಟ ಹಿಡಿದು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಮಂಗಳಿ ಮಣೆಯ ಮೇಲೆ ಕಾಲಿಟ್ಟಳು. ಒರೆಸಿದೆ. ಬೇರೆ ಎಲ್ಲ ಬಣ್ಣಗಳ ಮೇಲೆ ಹೊಚ್ಚಹೊಸ ಬಿಳಿ ಮರಳು, ಸಕ್ಕರೆಯ ಹಾಗೆ. ಬಟ್ಟೆಯನ್ನು ಕೆಳಗೆ ಸರಿಸಲು ಬೆರಳು ಚಾಚಿದೆ. ಮಂಗಳಿ ಬಗ್ಗಿ ನನ್ನ ಕೈ ಹಿಡಿದಳು.

“ಬೇಡಕ್ಕಾ. ಅದನ್ನೇ ತೋರ್ಸು” ಎಂದಳು. ಎಲ್ಲರಿಗೂ ಕೇಳುವ ಹಾಗೆ ಎಂದಳು.

“ಬೆಳ್ಮರಳು” ಎಂದರು ಸಾಹೇಬರು ನನ್ನ ಹೆಗಲ ಮೇಲಿನಿಂದ ನೋಡಿ. “ಸೀಸೆ ತೆಗೆಯೋದೇ ಬೇಡ. ಬರೀಮ್ಮ ಪ್ರಭಾಮಣಿ.”

ನಾನು ಲೇಖನಿ ಎತ್ತಲಿಲ್ಲ. ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ. “ಷಡಕ್ಷರಿಯವರೇ, ನೀವು ಬೆಳ್ಮರಳಿಗೆ ಏಳು ಸಲ ಹೋಗಿದ್ದೀರಲ್ಲ. ಅಲ್ಲಿಯ ದೀಪಸ್ತಂಭಕ್ಕೆ ಯಾವ ಬಣ್ಣ?”

“ದೀಪಸ್ತಂಭ ಇದೆಯಾ ಅಲ್ಲಿ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದಪ್ಪ ಕನ್ನಡಕದ ಹೆಂಗಸೊಬ್ಬರು ಕತ್ತು ಚಾಚಿ ಹೇಳಿದರು, “ಕೆಂಪು ಬಿಳಿ ಪಟ್ಟೆ ಕಣ್ರೀ, ನೂರಾ ಹದಿನಾಲ್ಕು ಮೆಟ್ಲು.”

“ಎಂಬತ್ತನೇದು ಮುರಿದಿದೆ, ಕತ್ತಲೇಲಿ ಹುಷಾರು” ಎಂದರು ಅವರ ಹಿಂದಿನವರು.

“ಮೇಲೆ ಹೋದ್ರೆ ಒಂದು ಕುರುಡು ನಾಯಿ ಇದೆ, ಬೊಗಳಲ್ಲ, ಕಾಲು ಮೂಸುತ್ತೆ ಅಷ್ಟೆ.”

“ಅಯ್ಯೋ, ಆ ನಾಯಿ ಸತ್ತೋಯ್ತಂತೆ ಕಣೇ, ಎರಡನೇ ಮುದ್ರಣದಲ್ಲಿ ಹಾಕಿದಾರೆ!”

ಸಾಲೆಲ್ಲ ನಕ್ಕಿತು. ಷಡಕ್ಷರಿಯವರ ಕಿವಿ ಕೆಂಪಾಯಿತು. ನಾನು ನಗಲಿಲ್ಲ. ಇಷ್ಟು ತಿಳಿದ ಹೆಂಗಸರು ಈ ಸುಡುಬಿಸಿಲಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು.

ಸಾಹೇಬರು ಮಾತ್ರ ಗೆದ್ದವರ ಹಾಗೆ ತಲೆಯಾಡಿಸಿದರು. “ನೋಡಿ, ನಾನು ಹೇಳೋದೂ ಅದನ್ನೇ. ಇವರಿಗೆ ಮೆಟ್ಟಿಲ ಲೆಕ್ಕ ಗೊತ್ತು, ನಾಯಿಯ ಯೋಗಕ್ಷೇಮ ಗೊತ್ತು. ಇಷ್ಟು ಚೆನ್ನಾಗಿ ಹೋಗಿಬಂದ ಮೇಲೆ ಮತ್ತೆ ಹೋಗೋದು ಏನಕ್ಕೆ? ಸುಮ್ನೆ ಮನೇಲಿ ಮಕ್ಕಳು ಮರಿ ಬಿಟ್ಟು? ಬರೀಮ್ಮ.”

“ಸಾರ್” ಎಂದಳು ಮಂಗಳಿ. ಕಾಲು ಇನ್ನೂ ಮಣೆಯ ಮೇಲೇ ಇತ್ತು. “ನಾನು ಹೋಗಿಬಂದಿಲ್ಲ. ಓದಿದ್ದೀನಿ.”

“ಏನಂದ್ರಿ?”

“ಓದಿದ್ದೀನಿ. ಹದಿನೈದು ವರ್ಷ ಓದಿದ್ದೀನಿ. ಕೊನೇ ಪುಟ ಇವರು ಓದಿ ಕೇಳಿಸಿದ್ರು, ಅದನ್ನೂ ಸೇರಿಸ್ಕೊಳ್ಳಿ. ಬಹಳ ಚೆನ್ನಾಗಿದೆ ಅದು. ದಡದಲ್ಲಿ ನಿಂತಿರೋ ಹೆಂಗಸು ದೋಣಿಗೆ ಕೈ ಬೀಸಲ್ಲ, ಮೀನಿನ ಬುಟ್ಟಿ ಕೆಳಗಿಟ್ಟು ಸುಮ್ನೆ ನೋಡ್ತಾಳೆ. ರಾತ್ರಿಯಿಂದ ಅವಳೇ ಕಣ್ಮುಂದೆ. ಅಕ್ಕಾ, ನನಗೆ ಸುಳ್ಳಿನ ಪಾಸು ಬೇಡ. ಓದಿಲ್ಲ ಅಂತ ನಾನ್ಯಾಕೆ ಹೇಳ್ಲಿ? ನಾಚಿಕೆಗೇಡು ಕೆಲಸಾನಾ ಅದು? ಇದ್ದದ್ದನ್ನ ಬರಿ.”

ನಾನು ರಿಜಿಸ್ಟರ್ ನೋಡಿದೆ. ಎಡಗಡೆ ಹೆಸರು, ನಡುವೆ ಊರು, ಬಲಗಡೆ ಷರಾ. ಷರಾದ ಕೆಳಗೆ ನನ್ನ ಕೈಯ ಗುಂಡನೆಯ ಅಕ್ಷರಗಳು ಪುಟದಿಂದ ಪುಟಕ್ಕೆ ಇಳಿದಿದ್ದವು. ಹೋಗಿಬಂದಿದ್ದಾರೆ, ಹೋಗಿಬಂದಿದ್ದಾರೆ, ಹೋಗಿಬಂದಿದ್ದಾರೆ. ಎಲ್ಲಿಗೂ ಹೋಗದ ಇಷ್ಟೊಂದು ಹೆಂಗಸರು. ಪದಗಳನ್ನು ತೂಗಿ ಬಳಸುವವಳೆಂದು ನನಗೆ ಹೆಮ್ಮೆಯಿತ್ತು. ಹದಿನಾರು ವರ್ಷ ಒಂದು ಸುಳ್ಳನ್ನು ಒಳ್ಳೆಯ ಕೈಬರಹದಲ್ಲಿ ಬರೆದಿದ್ದೆ. ಲೇಖನಿ ಎತ್ತಿದೆ. ಸರ್ವಮಂಗಳೆ, ಬೆಳ್ಮರಳು. ಷರಾದಲ್ಲಿ ‘ಓದಿದ್ದಾರೆ. ಹೋಗಿಲ್ಲ.’ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.

“ಏನಿದು ಪದ?” ಸಾಹೇಬರ ಲೋಟದಿಂದ ಚಹಾ ತುಳುಕಿ ರಿಜಿಸ್ಟರಿನ ಅಂಚಿಗೆ ಬಿತ್ತು.

“ಕನ್ನಡ ಪದ ಸಾರ್.”

“ರೂಲಿನಲ್ಲಿ ಇದು ಇಲ್ಲ.”

“ಅದಕ್ಕೇ ಇದರ ಮೇಲೆ ತಡೆಯೋಕೆ ಬರಲ್ಲ. ಹೋಗಿಬಂದವರಿಗೆ ಪಾಸು ಕೊಡತಕ್ಕದ್ದಲ್ಲ ಅಂತಿದೆ. ಓದಿದವರಿಗೆ ಕೊಡತಕ್ಕದ್ದಲ್ಲ ಅಂತ ಎಲ್ಲಿದೆ, ತೋರಿಸಿ.”

“ತಲೆ ಕೆಟ್ಟಿದೆಯೇನಮ್ಮ ನಿಂಗೆ? ಎರಡೂ ಒಂದೇ ಅಲ್ವಾ?”

“ಒಂದೇ ಆದ್ರೆ ನೀವು ನಾಳೆಯಿಂದ ಮನೇಲೇ ಕೂತು ಒಂದು ಪುಸ್ತಕ ಓದಿ ಸಾರ್, ಕಚೇರಿಗೆ ಬಂದಹಾಗಾಯ್ತು ಅಂತ ಹಾಜರಿ ಹಾಕ್ತೀನಿ.”

ನನ್ನ ದನಿ ಎತ್ತರಕ್ಕೆ ಹೋಗಿತ್ತು. ಸಾಹೇಬರಿಗೆ ಈ ದನಿಯ ಪರಿಚಯವಿರಲಿಲ್ಲ, ನನಗೂ ಇರಲಿಲ್ಲ. ಬಲಗಡೆಯ ಕಿಟಕಿಯ ಸಾಲಿನ ಗಂಡಸರು ಇಣುಕಿದರು. ಸಾಹೇಬರು ಲೋಟವನ್ನು ಕಿಟಕಿಯ ಮೇಲೆ ಕುಕ್ಕಿ, “ರೂಲ್ ಪುಸ್ತಕ ತರ್ತೀನಿ, ಅಲ್ಲೀವರೆಗೆ ಯಾರೂ ಅಲ್ಲಾಡಬೇಡಿ” ಎಂದು ಒಳಗಿನ ಕೋಣೆಗೆ ನುಗ್ಗಿದರು. ಬೀರು ತೆಗೆಯುವ ಸದ್ದು, ಕಡತಗಳು ಬೀಳುವ ಸದ್ದು. ಆ ಪುಸ್ತಕವನ್ನು ಯಾರೂ ಎಷ್ಟೋ ವರ್ಷದಿಂದ ತೆರೆದಿರಲಿಲ್ಲ.

ಬೆಳ್ಮರಳಿನ ಬಸ್ಸು ಹಾರನ್ ಹೊಡೆಯಿತು. ನಾನು ಪಾಸಿಗೆ ಮೊಹರು ಒತ್ತಿದೆ. ಜೋರಾಗಿ ಒತ್ತಿದ್ದಕ್ಕೆ ಕೆಳಗಿನ ನಾಲ್ಕು ಹಾಳೆಗೂ ಅಚ್ಚು ಬಿತ್ತು.

“ನಾನು ತಮಾಷೆಗೆ ಮಾಡಿದ್ದಲ್ವೇನೇ?” ಎಂದರು ಷಡಕ್ಷರಿ. ಅವರ ಮುಖ ನಿಜವಾಗಿಯೂ ತಿಳಿಯದವರ ಮುಖವಾಗಿತ್ತು. ಅದು ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. “ಯಾವಾಗ ಬರ್ತೀಯ?”

“ನೋಡಿ ಮುಗಿದಾಗ” ಎಂದಳು ಮಂಗಳಿ. ನನ್ನ ಕಡೆ ನೋಡಿದಳು. ಕ್ಷಮಿಸಿದ್ದಳೋ ಇಲ್ಲವೋ ಹೇಳಲಾರೆ. ಪಾಸನ್ನು ಕುಪ್ಪಸದೊಳಗೆ ಸೇರಿಸಿ, ಬುತ್ತಿಯ ಗಂಟು ಎತ್ತಿಕೊಂಡು, ಬರಿಗಾಲಲ್ಲೇ ಓಡಿದಳು. ಚಪ್ಪಲಿ ಮಣೆಯ ಪಕ್ಕದಲ್ಲೇ ಉಳಿಯಿತು. ಕಂಡಕ್ಟರು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಿಟಕಿಯ ಕಡೆ ನೋಡಿ, ಸೀಟಿ ಊದಿದ. ಬಸ್ಸು ಹೊರಟಿತು. ಕೊನೆಯ ಕಿಟಕಿಯಲ್ಲಿ ಅವಳ ಕೈ ಕಂಡಿತು, ಆಮೇಲೆ ಧೂಳು.

ಒಳಗೆ ಸಾಹೇಬರು ಇನ್ನೂ ಹುಡುಕುತ್ತಿದ್ದರು. ಬಹುಶಃ ಸಂಜೆಯೊಳಗೆ ಆ ಪುಸ್ತಕದಲ್ಲಿ ಒಂದು ಹೊಸ ಸಾಲು ಸೇರುತ್ತದೆ, ಈ ಕುರ್ಚಿಯಲ್ಲಿ ನಾಳೆ ಬೇರೆ ಯಾರೋ ಗುಂಡನೆಯ ಅಕ್ಷರದವಳು ಕೂರುತ್ತಾಳೆ. ಭಯ ಎಲ್ಲಿಗೂ ಹೋಗಿರಲಿಲ್ಲ. ಸಿಟ್ಟು ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತಿತ್ತು ಅಷ್ಟೆ.

ಕನ್ನಡಕದ ಹೆಂಗಸು ಮುಂದೆ ಬಂದು ಮಣೆಯ ಮೇಲೆ ಕಾಲಿಟ್ಟರು. ಅರವತ್ತು ದಾಟಿದವರು. ಅಂಗಾಲು ಎಷ್ಟು ಬಣ್ಣವಾಗಿತ್ತೆಂದರೆ ಚರ್ಮವೇ ಕಾಣುತ್ತಿರಲಿಲ್ಲ.

“ಕಾಲು ಇಳಿಸಿ ಅಮ್ಮಾ, ಚಪ್ಪಲಿ ಹಾಕ್ಕೊಳ್ಳಿ” ಎಂದೆ. ಬೋಗುಣಿಯ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿದೆ. “ಏನೇನು ಓದಿದ್ದೀರಿ, ಒಂದೊಂದಾಗಿ ಹೇಳಿ.”

ಆಕೆ ಒಳಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಎಲ್ಲಾನೂ ಹೇಳ್ಲಾ?”

“ಎಲ್ಲಾನೂ. ಗಟ್ಟಿಯಾಗಿ.”

ಆಕೆ ಬೆರಳು ಮಡಿಸುತ್ತಾ ಶುರುಮಾಡಿದರು. ಮೊದಮೊದಲು ತಡವರಿಸಿದರು, ಆಮೇಲೆ ಸರಾಗವಾಯಿತು. ಬಿಟ್ಟುಹೋದದ್ದನ್ನು ಹಿಂದಿನವರು ನೆನಪಿಸಿದರು. ರೂಲ್ ಪುಸ್ತಕದ ಧೂಳು ಕೊಡವುತ್ತಾ ಸಾಹೇಬರು ಹೊರಗೆ ಬಂದಾಗ ನಾನು ಹತ್ತೊಂಬತ್ತನೆಯ ಊರಿನ ಹೆಸರು ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. “ಇಪ್ಪತ್ತನೇದು?” ಎಂದು ಕೇಳಿದೆ.